ಆರು ಊರಿಗೆ ಒಂದೇ ದನಿ

ಜೂನ್ 10, ಮಂಗಳವಾರ

ಎರಡು ವಾರ ಒಂದು ಮಾತೂ ಆಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಪಿಸುಮಾತು ಕೂಡ ಬೇಡವಂತೆ. ನಿನ್ನೆ ಗಂಟಲೊಳಗಿನ ಗಂಟನ್ನು ತೆಗೆದರು. ಮೆಣಸಿನ ಕಾಳಿನಷ್ಟಿತ್ತು ಎಂದು ರೇಣು ಹೇಳಿದಳು, ಅವಳಿಗೆ ತೋರಿಸಿದ್ದಾರೆ. ತಪಾಸಣೆಗೆ ಕಳಿಸಿದ್ದಾರೆ, ವರದಿಗೆ ಒಂದು ವಾರ ಬೇಕು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಐವತ್ತಾರು ವರ್ಷ ಬಿಡುವಿಲ್ಲದೆ ಮಾತಾಡಿದವಳು ಬಾಯಿ ಮುಚ್ಚಿ ಕೂತರೆ ಮಾತೆಲ್ಲ ಎಲ್ಲಿಗೆ ಹೋಗಬೇಕು? ಅದಕ್ಕೇ ಈ ದಿನಚರಿ. ಹೋದ ವರ್ಷದ ಪುಸ್ತಕ, ತಾರೀಖು ವಾರ ಹೊಂದುವುದಿಲ್ಲ, ನಾನೇ ತಿದ್ದಿಕೊಳ್ಳುತ್ತಿದ್ದೇನೆ.

ನನ್ನ ಚಿಂತೆ ನನ್ನದಲ್ಲ, ರೇಣುವಿನದು. ತಂಗಿಗೆ ನಲವತ್ತೆಂಟಾಯಿತು, ಉಗ್ಗು ಮಾತ್ರ ಹೋಗಿಲ್ಲ. ಬ್ಯಾಂಕು, ಗ್ಯಾಸು, ರೇಷನ್ ಕಾರ್ಡು, ಡಾಕ್ಟರು, ಎಲ್ಲ ಕಡೆ ಅವಳ ಮಾತನ್ನು ನಾನೇ ಆಡುತ್ತ ಬಂದಿದ್ದೇನೆ. "ಗೋದಾ, ಆಕಿ ಬಾಯಿ ನೀನ ಆಗು" ಎಂದು ಅವ್ವ ಹೇಳಿದ್ದಳು. ಆಗಿದ್ದೇನೆ. ಈಗ ಎರಡು ವಾರ ಈ ಮನೆಗೆ ಬಾಯಿಯೇ ಇಲ್ಲ.

ಜೂನ್ 12, ಗುರುವಾರ

ಕೆಲಸಕ್ಕೆ ಬಾಯಿ ಬೇಕಿಲ್ಲ, ಅದೊಂದು ಪುಣ್ಯ. ಮನೆಯಿಂದಲೇ ಮಾಡು ಎಂದು ನಮ್ಮ ಮ್ಯಾನೇಜರ್ ಸಾಯಲಿ ಹೊಸ ಪುಸ್ತಕ ಕಳಿಸಿದ್ದಾಳೆ. ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ ಒಂದು ಕಾಲಕ್ಕೆ ಇದ್ದು ಈಗ ಇಲ್ಲದ ಪಾರ್ಲಿಮೆಂಟ್ ಕ್ಷೇತ್ರಗಳ ಚರಿತ್ರೆ. ಬರೆದವಳು ಮೋರಾಗ್ ಬೇನ್ ಎಂಬ ನಿವೃತ್ತ ಶಾಲಾ ಶಿಕ್ಷಕಿ, ಎಂಬತ್ತೊಂದು ವರ್ಷ. ಭಾಷೆ ತಿದ್ದುವುದು, ಇಸವಿಗಳನ್ನು ತಾಳೆ ನೋಡುವುದು, ಸಂಶಯ ಬಂದಲ್ಲಿ ಅಂಚಿನಲ್ಲಿ ಪ್ರಶ್ನೆ ಬರೆದು ಲೇಖಕಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಇಪ್ಪತ್ತಾರು ವರ್ಷದಿಂದ ಈ ಮರಾಠಿ ಊರು ಚಿಂಚವಡದಲ್ಲಿ ಕೂತು ಊರೂರಿನವರ ಇಂಗ್ಲಿಷನ್ನು ತಿದ್ದುತ್ತಿದ್ದೇನೆ.

ದೊಡ್ಡ ಅಧ್ಯಾಯ ವಿಕ್ ಬರ್ಗ್ಸ್ ಎಂಬ ಕ್ಷೇತ್ರದ್ದು. 1832ರಲ್ಲಿ ಆಗಿ 1918ರಲ್ಲಿ ಹೋದದ್ದು. ಅದು ಒಂದು ಊರಲ್ಲ, ಆರು ಊರು. ವಿಕ್, ಡೋರ್ನೋಕ್, ಟೇನ್, ಡಿಂಗ್ವಾಲ್, ಕ್ರಾಮರ್ಟಿ, ಕರ್ಕ್ವಾಲ್. ಒಂದಕ್ಕೊಂದು ಅಂಟಿಕೊಂಡಿಲ್ಲ. ನಡುವೆ ಬೇರೆಯವರ ಹೊಲ, ಗುಡ್ಡ, ಕೊಲ್ಲಿ. ಕರ್ಕ್ವಾಲ್ ಅಂತೂ ಸಮುದ್ರದಾಚೆ ದ್ವೀಪದಲ್ಲಿದೆ. ಆರೂ ಸೇರಿ ಲಂಡನ್ನಿಗೆ ಕಳಿಸುತ್ತಿದ್ದದ್ದು ಒಬ್ಬನೇ ಸದಸ್ಯನನ್ನು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮೂರು ವಿಂಗುಗಳನ್ನು ಒಂದು ಮಾತಿಗೆ ತರಲು ಕಾರ್ಯದರ್ಶಿಯಾದ ನನಗೇ ಮೂರು ಸಭೆ ಬೇಕು.

ಜೂನ್ 14, ಶನಿವಾರ

ನೀರಿನ ಟ್ಯಾಂಕರ್ ಬರಲಿಲ್ಲ. ಮೇಲಿನ ಮನೆಯ ಅಂಬಾತಾಯಿ ಬಂದು ಬಾಗಿಲು ಬಡಿದರು. ಟ್ಯಾಂಕರಿನವನು ಹೆದರುವುದು ನನ್ನ ದನಿಗೆ ಮಾತ್ರ, ಅದು ಎಲ್ಲರಿಗೂ ಗೊತ್ತು. ನಾನು ಸ್ಲೇಟಿನ ಮೇಲೆ "ನೀವೇ ಫೋನ್ ಮಾಡಿ" ಎಂದು ಬರೆಯುವಷ್ಟರಲ್ಲಿ ರೇಣು ಫೋನ್ ತೆಗೆದುಕೊಂಡಳು. ಮರಾಠಿಯಲ್ಲಿ ಶುರು ಮಾಡಿದಳು. "ಟ್ಯಾ" ಎಂಬಲ್ಲಿ ಸಿಕ್ಕಿಕೊಂಡಿತು. ಅತ್ತಲಿಂದ ಅವನು ಹಲೋ ಹಲೋ ಎನ್ನುವುದು ನನಗೂ ಕೇಳಿಸುತ್ತಿತ್ತು. ಎರಡು ಸಲ ಕೈ ಚಾಚಿದೆ. ಅವಳು ನನ್ನ ಕಡೆ ಬೆನ್ನು ಮಾಡಿ ನಿಂತಳು.

ಮುಕ್ಕಾಲು ಗಂಟೆಗೆ ಟ್ಯಾಂಕರ್ ಬಂತು. ಹೇಗೂ ಬರುವುದಿತ್ತು ಅನ್ನಿಸುತ್ತದೆ.

ಜೂನ್ 17, ಮಂಗಳವಾರ

ವರದಿ ತರಲು ರೇಣು ಅರ್ಧ ದಿನ ರಜೆ ಹಾಕಿದಳು. ನಾನೂ ಬರುತ್ತೇನೆಂದು ಬರೆದು ತೋರಿಸಿದೆ. "ನೀ ಬಂದು ಏನ್ ಮಾತಾಡಾಕಿ?" ಎಂದಳು.

ಹನ್ನೆರಡೂವರೆಗೆ ಬಂದಳು. ಚಪ್ಪಲಿ ಬಿಟ್ಟು ಎದುರಿಗೆ ನಿಂತಳು. ಲಕೋಟೆ ಕೈಯಲ್ಲಿತ್ತು. ಕೈ ಚಾಚಿದರೆ ಹಿಂದಕ್ಕೆ ಹಿಡಿದುಕೊಂಡಳು.

"ಕ್ಯಾ..." ಎಂದಳು. "ಕ್ಯಾ... ಕ್ಯಾ..."

ಆ ಅಕ್ಷರದಿಂದ ಶುರುವಾಗುವ ಮಾತು ಯಾವುದು ಎಂದು ಒಂದು ವಾರದಿಂದ ನನಗೆ ಗೊತ್ತಿದೆ. ಕುರ್ಚಿಯ ತೋಳು ಹಿಡಿದೆ. ಎಷ್ಟು ಹೊತ್ತೋ. ಅವಳ ಗಂಟಲಿನ ನರ ಉಬ್ಬಿತ್ತು, ಕಣ್ಣು ಮಾತ್ರ ನನ್ನ ಮೇಲೇ.

"ಕ್ಯಾನ್ಸರ್ ಅಲ್ಲ" ಎಂದಳು.

ಲಕೋಟೆ ಕಿತ್ತುಕೊಂಡು ನಾನೇ ಓದಿದೆ. ಅಲ್ಲ. ಮೂರು ಸಲ ಓದಿದೆ. ಆಮೇಲೆ ಸಿಟ್ಟು ಬಂತು. "ಕಾಗದ ಕೊಟ್ಟಿದ್ದರೆ ಆಗುತ್ತಿರಲಿಲ್ಲವೆ? ನನ್ನ ಜೀವ ಹೋಗಿತ್ತು" ಎಂದು ಸ್ಲೇಟಿನ ಮೇಲೆ ಗೀಚಿದೆ.

"ನಾನ ಹೇಳ್ಬೇಕಂತ ಇತ್ತು" ಎಂದಳು. ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟಳು.

ಡಾಕ್ಟರಿಗೆ ಐದು ಪ್ರಶ್ನೆ ಕೇಳಿ ಬಂದಿದ್ದಾಳೆ, ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದಾಳೆ. ನಾನಾಗಿದ್ದರೆ ಆರು ಕೇಳುತ್ತಿದ್ದೆ. ಮೆಂತ್ಯ, ಹುಳಿ ತಿನ್ನಬಹುದೇ ಎಂಬುದನ್ನು ಬಿಟ್ಟಿದ್ದಾಳೆ.

ಜೂನ್ 19, ಗುರುವಾರ

ವಾರಕರಿ ಯಾತ್ರಿಕರ ಪಾಲಖಿ ಇಂದು ಆಕುರ್ಡಿಗೆ ಬಂತು. ರಸ್ತೆ ಬಂದ್. ರೇಣು ಸಂಜೆ ತಡವಾಗಿ ನಡೆದುಕೊಂಡೇ ಬಂದಳು, ಹಣೆಯ ಮೇಲೆ ಯಾತ್ರಿಕರು ಹಚ್ಚಿದ ಕರಿ ಬುಕ್ಕಾ ಪುಡಿ. ಅವಳು ಕೆಲಸ ಮಾಡುವ ಭೋಸರಿಯ ಕಾರ್ಖಾನೆಯಿಂದ ಎಂಟು ಜನ ಹೋಗಿ ವಾರಕರಿಗಳಿಗೆ ನೀರು ಹಂಚಿದರಂತೆ. ಏಕನಾಥ ಎಂಬುವರು ಸ್ಟೋರಿನವರು, ಅವರು ಡ್ರಮ್ ತಂದರು, ಏಕನಾಥ ಅವರೇ ಲೋಟ ತೊಳೆದರು, ಏಕನಾಥ ಅವರ ಮನೆ ದೇಹೂ ರೋಡ್.

ಒಂದೇ ಪರಿಚ್ಛೇದದಲ್ಲಿ ಒಂದು ಹೆಸರು ಮೂರು ಸಲ ಬಂದರೆ ನಾನು ಪೆನ್ಸಿಲ್ ಗೆರೆ ಹಾಕುತ್ತೇನೆ, ಅದು ನನ್ನ ಕೆಲಸ. ಮೂರು ಸಲವೂ ಅವಳು ಉಗ್ಗಲಿಲ್ಲ. ಸ್ವರದಿಂದ ಶುರುವಾಗುವ ಹೆಸರು, ಸುಲಭವಿರಬೇಕು.

ಜೂನ್ 22, ಭಾನುವಾರ

ಇಂದಿನದನ್ನು ಸರಿಯಾಗಿ ಬರೆದಿಡಬೇಕು.

ತಿಂಡಿ ಆದ ಮೇಲೆ ರೇಣು ಸ್ಲೇಟನ್ನು ನನ್ನ ಮುಂದಿನಿಂದ ತೆಗೆದು ಫ್ರಿಜ್ಜಿನ ಮೇಲೆ ಇಟ್ಟಳು. "ನಾ ಮುಗಸೂತನಕ ಬರೀಬ್ಯಾಡ" ಎಂದಳು. ಆಮೇಲೆ ಹೇಳಿದಳು. ಆ ಏಕನಾಥ ಅವರನ್ನು ಮದುವೆ ಆಗುತ್ತಾಳಂತೆ. ಅವರಿಗೆ ಐವತ್ತಮೂರು, ಹೆಂಡತಿ ಹೋಗಿ ಒಂಬತ್ತು ವರ್ಷ, ಮಗಳು ಸ್ನೇಹಲ್ ಮದುವೆಯಾಗಿ ನಾಶಿಕದಲ್ಲಿದ್ದಾಳೆ. ಅಪ್ಪನಿಗೆ ಮೊದಲು ಒತ್ತಾಯ ಮಾಡಿದವಳು ಅವಳೇ. ಇಷ್ಟು ಹೇಳಲು ಹತ್ತು ನಿಮಿಷವಾದರೂ ಬೇಕಾಯಿತು. ಕೆಲವು ಮಾತು ಮುಂದೆ ಏನೆಂದು ನನಗೆ ಗೊತ್ತಿತ್ತು, ಎತ್ತಿ ಕೊಡಲು ಬಾಯಿ ಇರಲಿಲ್ಲ.

ನಾನು ಎದ್ದು ಸ್ಲೇಟು ತಂದೆ. "ಅವರ ಮನೆಯಲ್ಲಿ ನಿನ್ನ ಪರವಾಗಿ ಮಾತಾಡುವವರು ಯಾರು?" ಎಂದು ಬರೆದೆ.

ಅವಳು ಓದಿದಳು. "ಸಾಂಗಲಿ ಹುಡುಗನ್ನ ಬ್ಯಾಡ ಅಂದಾಗ ನನ್ನ ಕೇಳಿದ್ಯೇನು?" ಎಂದಳು. ಅಲ್ಲಿ ಉಗ್ಗಲಿಲ್ಲ.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಅವಳಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ನೋಡಲು ಬಂದವರು ಕೂತಿದ್ದರು, ಏನೋ ಕೇಳಿದರು, ರೇಣು ಉತ್ತರಕ್ಕೆ ಒದ್ದಾಡುತ್ತಿದ್ದಳು. ಹುಡುಗನ ತಾಯಿ ಪಕ್ಕದವಳ ಕಡೆ ಬಾಗಿ "ಮೂಕಿ ಅದಾಳೇನ?" ಎಂದಳು. ಮೆಲ್ಲಗೇ ಅಂದಳು, ನನಗೆ ಕೇಳಿಸಿತು. ಮರುದಿನ ನಾನು ಫೋನ್ ಮಾಡಿ ನಮ್ಮ ಹುಡುಗಿಗೆ ಮದುವೆಯೇ ಬೇಡವಂತೆ ಎಂದೆ. ರೇಣುವನ್ನು ಕೇಳಲಿಲ್ಲ. ಕೇಳುವುದೇನಿತ್ತು? ಅಂಥ ಮನೆಗೆ ಕಳಿಸಲಾಗುತ್ತಿತ್ತೆ?

ಇದನ್ನೆಲ್ಲ ಸ್ಲೇಟಿನ ಮೇಲೆ ಬರೆಯಲು ಹೊರಟೆ. ಜಾಗ ಸಾಲಲಿಲ್ಲ. "ಅವನ ತಾಯಿ ಸರಿ ಇರಲಿಲ್ಲ" ಎಂದಷ್ಟೇ ಬರೆದೆ.

"ಅವ ಸರಿ ಇದ್ದ" ಎಂದಳು ರೇಣು. "ಎರಡ ಸಲ ಕಾರ್ಖಾನಿ ಗೇಟಿಗೆ ಬಂದಿದ್ದ. ಖರೇನ ಮದ್ವಿ ಬ್ಯಾಡೇನು ಅಂತ ಕೇಳ್ದ. ನೀ ಹೇಳಿಬಿಟ್ಟಿದ್ದಿ. ನಾ ಹೌದಂದೆ."

ಆಮೇಲೆ ಬಟ್ಟೆ ಒಣಹಾಕಲು ಹೋದಳು. ನಾನು ಸ್ಲೇಟು ಒರೆಸಿಟ್ಟೆ.

ಜೂನ್ 23, ಸೋಮವಾರ

ಡಾಕ್ಟರು ಗಂಟಲು ನೋಡಿದರು. ಇನ್ನೊಂದು ವಾರ ಮೌನ. ಊತ ಇಳಿದಿಲ್ಲವಂತೆ.

ಜೂನ್ 25, ಬುಧವಾರ

ಕೆಲಸ ಮಾಡಿದೆ. 1832ಕ್ಕಿಂತ ಮೊದಲು ಕ್ರಾಮರ್ಟಿ ಇರಲಿಲ್ಲ, ಐದೇ ಊರು. ಜನ ಮತ ಹಾಕುತ್ತಿರಲಿಲ್ಲ. ಪ್ರತಿ ಊರಿನ ಪುರಸಭೆ ಒಬ್ಬ ಪ್ರತಿನಿಧಿಯನ್ನು ಆರಿಸುವುದು, ಐವರೂ ಒಂದೂರಲ್ಲಿ ಸೇರಿ ಸದಸ್ಯನನ್ನು ಆರಿಸುವುದು. ಸೇರುವ ಊರು ಸರದಿಯ ಮೇಲೆ ಬದಲಾಗುತ್ತಿತ್ತು. ಪ್ರತಿನಿಧಿಗಳು "ಕುದುರೆ ಏರಿ ಬಂದರು" ಎಂದು ಲೇಖಕಿ ಬರೆದಿದ್ದಾಳೆ. ಕರ್ಕ್ವಾಲಿನವನು ಸಮುದ್ರದ ಮೇಲೆ ಕುದುರೆ ಹೇಗೆ ಏರಿದ ಎಂದು ಪ್ರಶ್ನೆ ಹಾಕಿದೆ.

ನನ್ನ ಕಡೆಯಿಂದಲೂ ಒಬ್ಬ ಪ್ರತಿನಿಧಿ ಬೇಕಾಗಿದೆ. ಹುಬ್ಬಳ್ಳಿಗೆ ತಮ್ಮ ಮಾಂತುವಿಗೆ ಉದ್ದನೆಯ ಮೆಸೇಜು ಬರೆದೆ. ಬಂದು ರೇಣುವಿಗೆ ತಿಳಿಸಿ ಹೇಳು, ಹೇಳಬೇಕಾದ ಅಂಶಗಳು ಇವು: ಒಂದು, ವಯಸ್ಸು. ಎರಡು, ಬೇರೆ ಭಾಷೆಯ ಮನೆ. ಮೂರು, ಅವಳ ಉಗ್ಗು. ಹೀಗೆ ಒಂಬತ್ತು. ಭಾನುವಾರ ಬರುತ್ತಾನೆ.

ಜೂನ್ 29, ಭಾನುವಾರ

ಮಾಂತು ಬೆಳಗಿನ ಬಸ್ಸಿಗೆ ಬಂದ. ರೇಣು ಅವನಿಗೆ ಪ್ರಿಯವಾದ ಜೋಳದ ರೊಟ್ಟಿ, ಝುಣಕ ಮಾಡಿದ್ದಳು. ಊಟಕ್ಕೆ ಕೂತಾಗ ಅವಳೇ ಕೇಳಿದಳು, "ಅಕ್ಕ ಏನ್ ಬರದ ಕಳಿಸ್ಯಾಳ, ಓದಿಬಿಡೋ."

ಅವನು ಫೋನ್ ತೆಗೆದ. ವಯಸ್ಸಿನದು ಓದಿದ. ಭಾಷೆಯದು ಓದಿದ. ಮೂರನೆಯದಕ್ಕೆ ಬಂದಾಗ ನಿಲ್ಲಿಸಿ ಫೋನನ್ನು ಮಗುಚಿ ಇಟ್ಟ. "ಅಕ್ಕಾ, ಇದು ನನ್ನ ಬಾಯಾಗ ಕೂಡಂಗಿಲ್ಲ" ಎಂದ. ಆಮೇಲೆ ರೇಣುವಿಗೆ, "ಅವರು ಕುಡೀತಾರೇನು?"

"ಚಾ ಭಾಳ ಕುಡೀತಾರ" ಎಂದಳು ರೇಣು. ಇಬ್ಬರೂ ನಕ್ಕರು.

ಮಾಂತು ಮೂರು ರೊಟ್ಟಿ ತಿಂದು, ಒಂದು ತಾಸು ಮಲಗಿ, ಸಂಜೆ ಬಸ್ಸಿಗೆ ಹೋದ. ಇಂಥವನನ್ನು ಕರೆಸಿದ್ದು ನನ್ನ ತಪ್ಪು.

ಜುಲೈ 1, ಮಂಗಳವಾರ

ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು. ಮೆಲ್ಲಗೆ, ಒತ್ತದೆ.

ಮೊದಲ ಹತ್ತು ನಿಮಿಷಕ್ಕೆ ಏನೇನು ಹೇಳಬೇಕೆಂದು ಪಟ್ಟಿ ಮಾಡಿಟ್ಟುಕೊಂಡಿದ್ದೆ. ಸಂಜೆ ರೇಣು ಬಂದವಳು ಕಾರ್ಖಾನೆಯ ಸುದ್ದಿ ತೆಗೆದಳು. ಒಂದು ಲಾಟಿನ ಅಷ್ಟೂ ಪಿನ್ನುಗಳನ್ನು ಅಳತೆ ಸರಿಯಿಲ್ಲ ಎಂದು ಅವಳು ತಿರಸ್ಕರಿಸಿದ್ದಾಳೆ, ಸೂಪರ್ವೈಸರ್ ಕೂಗಾಡಿದ್ದಾನೆ, ಅವಳು ಅಳತೆಯ ಗೇಜು ತೋರಿಸಿ ಸುಮ್ಮನೆ ನಿಂತಿದ್ದಾಳೆ, ಕೊನೆಗೆ ಅವನೇ ಸಹಿ ಹಾಕಿದ್ದಾನೆ. ಇಪ್ಪತ್ತಮೂರು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಾಳೆ, ಅವಳು ಅಲ್ಲಿ ಏನು ಮಾಡುತ್ತಾಳೆಂದು ಇಷ್ಟು ವಿವರವಾಗಿ ಕೇಳಿರಲಿಲ್ಲ. ಕತೆ ದೊಡ್ಡದಾಯಿತು. ನನ್ನ ಹತ್ತರಲ್ಲಿ ಏಳು ನಿಮಿಷ ಹಾಗೇ ಉಳಿಯಿತು. ನಾಳೆಗೆ ಕೂಡಿಸಿಕೊಳ್ಳಲು ಬರುವುದಿಲ್ಲವಂತೆ.

ಜುಲೈ 3, ಗುರುವಾರ

ಮೋರಾಗ್ ಬೇನ್ ಉತ್ತರ ಬರೆದಿದ್ದಾಳೆ. ಕರ್ಕ್ವಾಲಿನವನು ಮೊದಲು ದೋಣಿ, ಆಮೇಲೆ ಕುದುರೆ, ಸರಿಪಡಿಸು ಎಂದಿದ್ದಾಳೆ.

ಇನ್ನೊಂದು ಪ್ರಶ್ನೆಯಲ್ಲಿ ಒಪ್ಪಲಿಲ್ಲ. 1918ರಲ್ಲಿ ಕ್ಷೇತ್ರ ಒಡೆದು ವಿಕ್, ಡೋರ್ನೋಕ್ ಒಂದು ಕಡೆ, ಟೇನ್, ಡಿಂಗ್ವಾಲ್, ಕ್ರಾಮರ್ಟಿ ಇನ್ನೊಂದು ಕಡೆ, ಕರ್ಕ್ವಾಲ್ ತನ್ನ ದ್ವೀಪಗಳ ಜೊತೆ ಹೋದವು. ಅಲ್ಲಿ ಅವಳ ಅಧ್ಯಾಯ ತಟ್ಟನೆ ನಿಲ್ಲುತ್ತದೆ. "ಹೀಗೆ ಆರು ಊರುಗಳು ತಮ್ಮ ಒಂದೇ ದನಿಯನ್ನು ಕಳೆದುಕೊಂಡವು" ಎಂದು ಒಂದು ವಾಕ್ಯ ಸೇರಿಸಬಹುದೇ ಎಂದು ಕೇಳಿದ್ದೆ. ಅವಳ ಉತ್ತರ ಹೀಗಿದೆ: ಅವಕ್ಕೆ ಒಂದೇ ದನಿ ಎಂದೂ ಇರಲಿಲ್ಲ. ಒಬ್ಬ ಮಾತಾಡುತ್ತಿದ್ದ, ಅಷ್ಟೆ. ಇಪ್ಪತ್ತೆರಡು ವರ್ಷ ಅಲ್ಲಿಯ ಸದಸ್ಯನಾಗಿದ್ದವನು ಸದರ್ಲ್ಯಾಂಡ್ ಜಹಗೀರಿನ ದೊಡ್ಡ ಕಾರಭಾರಿ, ಒಕ್ಕಲುಗಳನ್ನು ಎಬ್ಬಿಸಿ ಕುರಿ ಬಿಟ್ಟ ಜಹಗೀರು. ಅವನೂ ತಾನು ಅವರ ಒಳ್ಳೆಯದಕ್ಕೇ ಮಾಡಿದೆನೆಂದು ನಂಬಿದ್ದ, ಪುಟ 61 ನೋಡು.

ಪುಟ 61 ನೋಡಿದೆ. ಮುದುಕಿಗೆ ಸ್ವಲ್ಪ ಹಟ. ವಾಕ್ಯ ತೆಗೆದೆ.

ಜುಲೈ 6, ಭಾನುವಾರ

ಆಷಾಢ ಏಕಾದಶಿ. ಏಕನಾಥ ಬಂದಿದ್ದರು. ಇವತ್ತೇ ಯಾಕೆಂದರೆ ಉಪವಾಸ, ಅಡುಗೆಯ ಗದ್ದಲ ಬೇಡ ಎಂದು ಅವರೇ ಹೇಳಿದರಂತೆ. ರೇಣು ಸಾಬುದಾಣಿ ಖಿಚಡಿ ಮಾಡಿದಳು. ಎತ್ತರದ ಮನುಷ್ಯ, ಕಿವಿಯಲ್ಲಿ ಕೂದಲು. ಬಾಗಿಲಲ್ಲೇ "ನಮಸ್ಕಾರ್ರಿ ಅಕ್ಕಾವ್ರ" ಎಂದರು. ಮೂರು ತಿಂಗಳಿಂದ ಕನ್ನಡ ಕಲಿಯುತ್ತಿದ್ದಾರಂತೆ.

ರೇಣು ಏನೋ ಹೇಳಲು ಶುರು ಮಾಡಿದಳು. ಲೋಣಾವಳಾದಲ್ಲಿರುವ ಅವರ ಸೋದರಮಾವನ ವಿಷಯ. "ಚಿ" ಎಂಬಲ್ಲಿ ನಿಂತಿತು. ಅವರು ತಟ್ಟೆಯಲ್ಲಿದ್ದ ಖಿಚಡಿಯನ್ನು ತಿನ್ನುತ್ತಲೇ ಇದ್ದರು. ಬೇರೆ ಕಡೆ ನೋಡಲಿಲ್ಲ, ಅವಳ ಬಾಯನ್ನೇ ದಿಟ್ಟಿಸಲೂ ಇಲ್ಲ. ನನಗೆ ತಡೆಯಲಾಗಲಿಲ್ಲ. ನನ್ನ ದಿನದ ಹತ್ತು ನಿಮಿಷ ಇನ್ನೂ ಖರ್ಚಾಗಿರಲಿಲ್ಲ. "ಚಿಕ್ಕಿ ಅಂಗಡಿ" ಎಂದೆ, ಲೋಣಾವಳಾ ಚಿಕ್ಕಿಗೇ ಹೆಸರಾದ ಊರು.

ರೇಣು ಮಾತು ನಿಲ್ಲಿಸಿದಳು. ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು.

ಏಕನಾಥ ಚಮಚ ಕೆಳಗಿಟ್ಟರು. "ಥಾಂಬಾಯ್ಚ ಅಸ್ತಂ, ಅಕ್ಕಾವ್ರ" ಎಂದರು. ಆಮೇಲೆ ಕನ್ನಡದಲ್ಲಿ, ಹುಡುಕಿ ಹುಡುಕಿ, "ನಿಲ್ಲಬೇಕ್ರಿ ಸ್ವಲ್ಪ. ಅವರು ಬರ್ತಾರ."

ನನ್ನ ತಂಗಿಯ ಬಗ್ಗೆ ನನಗೆ ಪಾಠ! ಏನಾದರೂ ಅನ್ನಬೇಕೆಂದುಕೊಂಡೆ. ಗಂಟಲು ಕೆರೆಯಿತು. ಅಷ್ಟರಲ್ಲಿ ರೇಣು ಕೈ ಒರೆಸಿಕೊಂಡು ಹೊರಬಂದಳು, ಬಾಗಿಲಲ್ಲೇ ನಿಂತು "ಚಿಕ್ಕಿ ಅಂಗಡಿ ಅಲ್ಲ, ಚಿತ್ರ ಬರೀತಾರ. ಬೋರ್ಡ್ ಪೇಂಟರ್" ಎಂದಳು.

ಹೌದೆ, ಎಂದೆ.

ಹೊರಡುವಾಗ ದೇಹೂ ರೋಡಿನಲ್ಲಿ ನೀರು ಹೇಗೆ ಬರುತ್ತದೆ ಎಂದು ಕೇಳಿದೆ. ದಿನಾ ಬರುತ್ತದಂತೆ, ಬೆಳಿಗ್ಗೆ ಒಂದು ತಾಸು. ಲೋಕಲ್ ಸ್ಟೇಷನ್ನಿಗೆ ಎಂಟು ನಿಮಿಷ. ರೇಣು ಅವರನ್ನು ಕೆಳಗಿನವರೆಗೆ ಬಿಟ್ಟು ಬಂದಳು.

ಜುಲೈ 8, ಮಂಗಳವಾರ

ರಿಜಿಸ್ಟ್ರಾರ್ ಕಚೇರಿಗೆ ಮದುವೆಯ ನೋಟೀಸು ಕೊಟ್ಟು ಬಂದರು. ಮೂವತ್ತು ದಿನ ಬೋರ್ಡಿನ ಮೇಲೆ ಇರುತ್ತದೆ. ಸಾಕ್ಷಿಗೆ ಮೂವರು ಬೇಕು. "ಒಂದು ನೀ" ಎಂದಳು ರೇಣು. ಕೇಳಲಿಲ್ಲ, ಹೇಳಿದಳು.

ಜುಲೈ 18, ಶುಕ್ರವಾರ

ಪುಸ್ತಕ ತಿದ್ದಿ ಮುಗಿಸಿ ಸಾಯಲಿಗೆ ಕಳಿಸಿದೆ. ದಿನಕ್ಕೆ ಅರ್ಧ ತಾಸು ಮಾತಿಗೆ ಅನುಮತಿ ಸಿಕ್ಕಿದೆ. ಎಲ್ಲ ದಿನ ಅಷ್ಟು ಬೇಕಾಗುತ್ತಿಲ್ಲ.

ಸೊಸೈಟಿ ಸಭೆಯಲ್ಲಿ ಕಾರ್ಯದರ್ಶಿ ಕೆಲಸವನ್ನು ಅಂಬಾತಾಯಿ ವಹಿಸಿಕೊಂಡರು. ಗಂಟಲಿನ ಕಾರಣಕ್ಕೆ ಅಷ್ಟೆ, ತಾತ್ಕಾಲಿಕ.

ಆಗಸ್ಟ್ 3, ಭಾನುವಾರ

ರೇಣುವಿನ ಸಾಮಾನು ಕಟ್ಟಿದೆವು. ಎರಡು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ. ಅವ್ವನ ಇಳಕಲ್ ಸೀರೆಗಳಲ್ಲಿ ಯಾವುದು ಬೇಕು ಎಂದು ಕೇಳಿದೆ. ಅವಳಿಗೆ ಹಸಿರು ಇಷ್ಟವೆಂದು ನನಗೆ ಗೊತ್ತಿತ್ತು, ಮೊದಲೇ ತೆಗೆದಿಟ್ಟಿದ್ದೆ. ಬಹಳ ಹೊತ್ತು ನೋಡಿ ಕಂದು ಬಣ್ಣದ್ದು ತೆಗೆದುಕೊಂಡಳು. ಹಸಿರು ಯಾವತ್ತೂ ಸೇರುತ್ತಿರಲಿಲ್ಲವಂತೆ. ಮೂವತ್ತು ವರ್ಷದಿಂದ ದೀಪಾವಳಿಗೆ ಹಸಿರನ್ನೇ ತರುತ್ತಿದ್ದೇನೆ.

ಹಸಿರು ನಾನು ಉಡುತ್ತೇನೆ.

ಆಗಸ್ಟ್ 11, ಸೋಮವಾರ

ಕಚೇರಿಯಲ್ಲಿ ಹನ್ನೊಂದು ಗಂಟೆಗೆ ಹೇಳಿದ್ದರು, ಒಂದೂಕಾಲಿಗೆ ಕರೆದರು. ಮಾಂತು, ಸ್ನೇಹಲ್, ನಾನು ಸಾಕ್ಷಿ. ಸ್ನೇಹಲ್ ಹೂ ತಂದಿದ್ದಳು, ರೇಣುವಿನ ಮುಡಿಗೆ ತಾನೇ ಮುಡಿಸಿದಳು. ನಮ್ಮ ಹಿಂದೆ ಇನ್ನೂ ಐದಾರು ಜೋಡಿ ಕಾಯುತ್ತಿದ್ದವು.

ಸಹಿಗೆ ಮೊದಲು ಅಧಿಕಾರಿಯ ಎದುರು ಇಬ್ಬರೂ ಬಾಯಿಬಿಟ್ಟು ಹೇಳಬೇಕು, ಅದು ಕಾನೂನು. ಮರಾಠಿಯಲ್ಲಿ ಒಂದೇ ವಾಕ್ಯ, "ಮೀ", ಅಂದರೆ ನಾನು, ಎಂದು ಶುರುವಾಗುವುದು. ಏಕನಾಥ ಹೇಳಿ ಮುಗಿಸಿದರು. ರೇಣು "ಮೀ" ಎಂದಳು. ಮುಂದೆ ಬರಲಿಲ್ಲ. ಮತ್ತೆ "ಮೀ". ಅವಳ ಕೈ ಮೇಜಿನ ಅಂಚು ಹಿಡಿದಿತ್ತು.

ಗುಮಾಸ್ತೆ ಗಡಿಯಾರ ನೋಡಿದಳು. ಹಿಂದೆ ಯಾರೋ ಕೆಮ್ಮಿದರು. ಅಧಿಕಾರಿ ಒಳ್ಳೆಯವರೇ, ಅವಸರದಲ್ಲಿದ್ದರು. ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ನೀವು ಅಕ್ಕ ಅಲ್ಲವೆ? ಸ್ವಲ್ಪ ಹೇಳಿಕೊಡಿ ಅವರಿಗೆ" ಎಂದರು. ವಾಕ್ಯ ನನಗೆ ಬಾಯಿಪಾಠ ಬರುತ್ತಿತ್ತು. ರೇಣು ನನ್ನ ಕಡೆ ನೋಡಿದಳು.

ಕಿಟಕಿಯ ಹೊರಗೆ ಒಬ್ಬ ಸ್ಕೂಟರಿನ ಸೀಟು ಒರೆಸುತ್ತಿದ್ದ. ಪೂರ್ತಿ ಒರೆಸಿದ. ಕನ್ನಡಿಯನ್ನೂ ಒರೆಸಿದ.

ಆಮೇಲೆ ರೇಣು ಹೇಳಿದಳು. ತನ್ನ ಹೆಸರು, ಅವರ ಹೆಸರು, ಸ್ವೀಕಾರ ಮಾಡುತ್ತೇನೆ ಎಂಬ ಮಾತು, ಒಂದೂ ಬಿಡದೆ, ಕೊನೆಯವರೆಗೆ. ಅಧಿಕಾರಿ ಪೆನ್ನು ಕೊಟ್ಟರು.

ಹೊರಗೆ ಬಂದ ಮೇಲೆ ಮಾಂತು, "ಅಕ್ಕಾ, ಅವರು ಅಷ್ಟು ಕೇಳಿದ್ರೂ ನೀ ಸುಮ್ನ ನಿಂತ್ಯಲ್ಲಾ" ಎಂದ. ನನ್ನ ಬಾಯಲ್ಲಿ ಗಂಟಲಿಗೆಂದು ಇಟ್ಟುಕೊಂಡ ಜ್ಯೇಷ್ಠಮಧುವಿನ ತುಂಡು ಇತ್ತು, ಹೇಗೆ ಮಾತಾಡಲಿ?